ಮೊದಲು ಗಿಡ ಯಾವುದೆಂದು ನೋಡಿ, ದೀಪದ ಮಾತು ಆಮೇಲೆ

ಪ್ರಶ್ನೆ: ನಮ್ಮ ಹಾಲ್‌ನಲ್ಲಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮೀನಿನ ತೊಟ್ಟಿ ಇದೆ. ಇಟ್ಟವನು ಮಗ. ಅವನು ಹಾಸ್ಟೆಲ್ ಸೇರಿದ ಮೇಲೆ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಒಳಗೆ ಅನುಬಿಯಾಸ್, ಜಾವಾ ಫರ್ನ್, ಹಿಂದುಗಡೆ ವ್ಯಾಲಿಸ್ನೇರಿಯಾ, ಜೊತೆಗೆ ಅವನು ಆಸೆಪಟ್ಟು ತಂದ ಕೆಂಪು ರೊಟಾಲಾ ಇವೆ. ರೊಟಾಲಾ ಸೊರಗತೊಡಗಿತು. ಬೆಳಕು ಸಾಲದೆಂದು ಅಂಗಡಿಯವರು 36 ವ್ಯಾಟ್‌ನ ಎಲ್‌ಇಡಿ ಕೊಟ್ಟರು. ಬೆಳಿಗ್ಗೆಯಿಂದ ಮಲಗುವವರೆಗೆ ಉರಿಸಿದೆ. ಕೆಲವೇ ವಾರಗಳಲ್ಲಿ ಎಲೆಗಳ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ. ಈಗ ಇನ್ನೂ ದುಬಾರಿಯ ದೀಪ ತೋರಿಸುತ್ತಿದ್ದಾರೆ. ನಮ್ಮ ಮನೆಯವರು ತೊಟ್ಟಿಯನ್ನೇ ಯಾರಿಗಾದರೂ ಕೊಟ್ಟುಬಿಡು ಎನ್ನುತ್ತಾರೆ. ಮಗನಿಗೆ ಏನು ಹೇಳಲಿ? ಯಾವ ದೀಪ ಕೊಳ್ಳಲಿ?
– ಓದುಗರೊಬ್ಬರು, ಸಾಗರ

ಉತ್ತರ: ತೊಟ್ಟಿಯನ್ನು ಯಾರಿಗೂ ಕೊಡಬೇಡಿ. ಆ ದುಬಾರಿ ದೀಪವನ್ನೂ ಕೊಳ್ಳಬೇಡಿ. ನೀವು ನೋಡಿಕೊಳ್ಳುವುದರಲ್ಲಿ ಕೊರತೆಯಿಲ್ಲ, ಆ ಗಿಡಗಳಿಗೆ ಬೇಕಿರದಷ್ಟು ಬೆಳಕು ಬಿದ್ದಿದೆ, ಅಷ್ಟೆ.

ಬೆಳಕು ಗಿಡದ ಊಟವಲ್ಲ, ಅದರ ಹಸಿವನ್ನು ಹೆಚ್ಚಿಸುವಂಥದ್ದು. ಬೆಳಕು ಏರಿದಷ್ಟೂ ಗಿಡ ಹೆಚ್ಚು ಇಂಗಾಲದ ಡೈಆಕ್ಸೈಡನ್ನೂ ನೈಟ್ರೇಟ್, ಪೊಟ್ಯಾಸಿಯಂ, ಕಬ್ಬಿಣದಂಥ ಪೋಷಕಾಂಶಗಳನ್ನೂ ಕೇಳುತ್ತದೆ. ಹೊರಗಿನಿಂದ ಅನಿಲ ಕೊಡದ ತೊಟ್ಟಿಯಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದು ಮುಗಿಯಿತೆಂದರೆ ಗಿಡ ಅಲ್ಲಿಗೇ ನಿಂತುಬಿಡುತ್ತದೆ. ಅಕ್ಕಿ, ನೀರು ಇದ್ದಷ್ಟೇ ಇಟ್ಟು ಒಲೆಯ ಉರಿ ಮಾತ್ರ ಜೋರು ಮಾಡಿದರೆ ಅನ್ನ ತಳ ಹಿಡಿಯುತ್ತದಲ್ಲ, ಹಾಗೆ. ಗಿಡ ಬಳಸದೆ ಬಿಟ್ಟ ಬೆಳಕಿನಲ್ಲಿ ಪಾಚಿ ಸೊಂಪಾಗಿ ಬೆಳೆಯುತ್ತದೆ.

ನಿಮ್ಮ ಗಿಡಗಳನ್ನೇ ನೋಡಿ. ಅನುಬಿಯಾಸ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡಿನ ತೊರೆಗಳ ಅಂಚಿನದು, ನೆರಳಿಗೆ ಒಗ್ಗಿದ್ದು. ಎಲೆ ನಿಧಾನಕ್ಕೆ ಬರುತ್ತದೆ, ಬಂದ ಎಲೆ ಬಹುಕಾಲ ಉಳಿಯುತ್ತದೆ. ಆದ್ದರಿಂದಲೇ ಜೋರು ಬೆಳಕಿನಲ್ಲಿ ಪಾಚಿ ಮೊದಲು ಹಿಡಿಯುವುದು ಅದಕ್ಕೆ. ಜಾವಾ ಫರ್ನ್ ಕೂಡ ಮಂದ ಬೆಳಕಿನ ಗಿಡ. ವ್ಯಾಲಿಸ್ನೇರಿಯಾ ಸಾಧಾರಣ ಬೆಳಕಿನಲ್ಲಿ ಬೇರಿನ ಹತ್ತಿರ ಗೊಬ್ಬರ ಸಿಕ್ಕಿದರೆ ಹಬ್ಬುತ್ತದೆ. ಜೋರು ಬೆಳಕು ಬೇಕಿದ್ದದ್ದು ರೊಟಾಲಾ ಒಂದಕ್ಕೇ. ಅದರ ಸಲುವಾಗಿ ಉಳಿದ ಮೂರಕ್ಕೂ ಬಿಸಿಲು ಕಾಯಿಸಿದಂತಾಯಿತು.

ಇನ್ನು ಲೆಕ್ಕಕ್ಕೆ ಬರೋಣ. ನಿಮ್ಮ ತೊಟ್ಟಿ ಸುಮಾರು 54 ಲೀಟರಿನದು. ಮರಳು, ಕಲ್ಲು ಕಳೆದರೆ ನೀರು 45ರಿಂದ 50 ಲೀಟರ್. ಇಷ್ಟು ಲೀಟರಿಗೆ ಇಷ್ಟು ವ್ಯಾಟ್ ಎಂಬ ಸೂತ್ರ ಹಳೆಯ ಟ್ಯೂಬ್‌ಲೈಟ್ ಕಾಲದ್ದು, ಎಲ್‌ಇಡಿಗೆ ಅದು ಹೊಂದುವುದಿಲ್ಲ. ಡಬ್ಬದ ಮೇಲೆ ಲ್ಯೂಮೆನ್ ನೋಡಿ. ನಿಮ್ಮಂಥ ತೊಟ್ಟಿಗೆ ಲೀಟರಿಗೆ 15ರಿಂದ 25 ಲ್ಯೂಮೆನ್ ಸಾಕು, ಅಂದರೆ ಒಟ್ಟು ಸುಮಾರು 1000. ಈಗಿನ 36 ವ್ಯಾಟ್ ದೀಪ 3000 ದಾಟುತ್ತಿರಬಹುದು. ಲ್ಯೂಮೆನ್ ಎಂಬುದು ಮನುಷ್ಯನ ಕಣ್ಣಿಗೆ ಕಾಣುವ ಹೊಳಪಿನ ಅಳತೆ; ನಮ್ಮ ಕಣ್ಣಿಗೆ ಹಸಿರು ಹೆಚ್ಚು ಹೊಳೆಯುತ್ತದೆ. ಹಾಗಾಗಿ ನೀಲಿ, ನೇರಳೆ, ಗುಲಾಬಿ ದೀಪಗಳನ್ನು ಈ ಅಳತೆಯಲ್ಲಿ ತೂಗಲಾಗದು. ಬಿಳಿ ದೀಪವನ್ನು ಬಿಳಿ ದೀಪದೊಂದಿಗೆ ಮಾತ್ರ ಹೋಲಿಸಿ. ಗಿಡಕ್ಕೆ ನಿಜವಾಗಿ ದಕ್ಕುವ ಬೆಳಕನ್ನು ಅಳೆಯಲು ಬೇರೆ ಮೀಟರ್ ಇದೆ, ಆದರೆ ಒಂದು ತೊಟ್ಟಿಗಾಗಿ ಅಷ್ಟು ದುಡ್ಡು ಹಾಕುವ ಅಗತ್ಯವಿಲ್ಲ.

ಬಣ್ಣದ ವಿಷಯ ಚಿಕ್ಕದು. 6500 ಕೆಲ್ವಿನ್ ಎಂದು ಬರೆದ ಬಿಳಿ ದೀಪ ಗಿಡಕ್ಕೂ ಸರಿ, ನೋಡುವ ಕಣ್ಣಿಗೂ ಹಿತ. ‘ಫುಲ್ ಸ್ಪೆಕ್ಟ್ರಮ್’ ಎಂಬ ಹಣೆಪಟ್ಟಿಯನ್ನು ಯಾರು ಬೇಕಾದರೂ ಅಂಟಿಸಬಹುದು, ಅದಕ್ಕಾಗಿ ದುಪ್ಪಟ್ಟು ಬೆಲೆ ಕೊಡಬೇಡಿ.

ದೀಪ ಬದಲಿಸಲೇಬೇಕೆಂದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಎರಡಡಿಯ, 10 ವ್ಯಾಟ್‌ನ, 6500 ಕೆಲ್ವಿನ್ ಎಲ್‌ಇಡಿ ಬ್ಯಾಟನ್ ಸಾಕು. ಅದರ ಬೆಳಕು ಸುಮಾರು 1000 ಲ್ಯೂಮೆನ್. ಆದರೆ ಅದು ನೀರು ತಾಳುವ ದೀಪವಲ್ಲ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಹಾಕಿ, ಅದರಿಂದ ಎತ್ತರದಲ್ಲಿ ಗಟ್ಟಿಯಾಗಿ ಕೂರಿಸಿ. ವೈರ್ ಪ್ಲಗ್ಗಿಗಿಂತ ಕೆಳಕ್ಕೆ ಒಂದು ಸುತ್ತು ಜೋತುಬಿದ್ದಿರಲಿ. ಹನಿ ಹರಿದರೂ ಪ್ಲಗ್ ಮುಟ್ಟದೆ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸಿ, ಇದರಲ್ಲಿ ಒಂದು ದಿನವೂ ಉದಾಸೀನ ಬೇಡ. ಇರುವ ದೀಪಕ್ಕೆ ಬೆಳಕು ತಗ್ಗಿಸುವ ಗುಂಡಿ ಇದ್ದರೆ, ಅಥವಾ ಅದನ್ನು ಮೇಲೆ ಎತ್ತಿ ಕಟ್ಟಲು ಬರುವುದಾದರೆ, ಹೊಸದರ ಖರ್ಚೂ ಉಳಿಯಿತು.

ಯಾವ ದೀಪವಾದರೂ ದಿನಕ್ಕೆ ಆರು ಗಂಟೆ ಮಾತ್ರ, ದಿನವೂ ಅದೇ ಹೊತ್ತಿಗೆ. ನೀವು ತೊಟ್ಟಿಯ ಮುಂದೆ ಕೂರುವುದು ಸಂಜೆಯಾದರೆ ನಾಲ್ಕರಿಂದ ಹತ್ತರವರೆಗೆ ಇಟ್ಟುಕೊಳ್ಳಿ. ಮೀನುಗಳಿಗೂ ಕತ್ತಲೆ ಬೇಕು. ಟೈಮರ್ ಕೊಳ್ಳುವುದಾದರೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಹಲ್ಲಿನ ಚಕ್ರ ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತು, ಬಂದಾಗ ಅಲ್ಲಿಂದ ಮುಂದುವರಿಯುತ್ತದೆ. ನಿಮ್ಮೂರಿನ ಮಳೆಗಾಲದಲ್ಲಿ ಅದರ ಹೊತ್ತು ವಾರದೊಳಗೆ ಎಲ್ಲೋ ಹೋಗಿರುತ್ತದೆ. ಕಿಟಕಿಯ ಬಿಸಿಲು ತೊಟ್ಟಿಗೆ ನೇರ ಬೀಳುತ್ತಿದ್ದರೆ ಪರದೆ ಎಳೆಯಿರಿ.

ಈಗಿರುವ ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸುತ್ತಿ ಸುತ್ತಿ ತೆಗೆಯಿರಿ. ತೀರಾ ಹಾಳಾದ ಎಲೆ ಕತ್ತರಿಸಿ. ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಪಾಚಿ ಕೊಲ್ಲುವ ಔಷಧಿ ಸುರಿಯಬೇಡಿ. ಫಲ ಕಾಣಲು ಒಂದು ತಿಂಗಳಾದರೂ ಬೇಕು. ಗಾಜಿನ ಮೇಲಿನದನ್ನು ಬಿಟ್ಟು, ಹೊಸದಾಗಿ ಬರುವ ಎಲೆಗಳನ್ನು ನೋಡಿ; ಅವು ಶುದ್ಧವಾಗಿ ಬರುತ್ತಿದ್ದರೆ ದಾರಿ ಸರಿಯಿದೆ.

ಮಗನಿಗೆ ಇದ್ದದ್ದನ್ನೇ ಹೇಳಿ. ಅವನ ಕೆಂಪು ಗಿಡ ರೊಟಾಲಾ ಮ್ಯಾಕ್ರಾಂಡ್ರಾ ಆಗಿದ್ದರೆ ಅದು ನಮ್ಮ ಪಶ್ಚಿಮ ಘಟ್ಟದ ಗಿಡವೇ, ಚೆಲುವಾದ ಗಿಡ. ಆದರೆ ತೊಟ್ಟಿಯಲ್ಲಿ ಅದನ್ನು ಕೆಂಪಾಗಿ ಬೆಳೆಸಲು ಈ 36 ವ್ಯಾಟ್‌ನಂಥ ಬೆಳಕಿನ ಜೊತೆಗೆ ಇಂಗಾಲದ ಡೈಆಕ್ಸೈಡ್ ಅನಿಲದ ಸಿಲಿಂಡರ್, ರೆಗ್ಯುಲೇಟರ್, ಕ್ರಮವಾದ ಗೊಬ್ಬರ ಎಲ್ಲ ಬೇಕು. ಅನಿಲ ಲೀಟರಿಗೆ 30 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕು. ಬಹಳ ಮೀರಿದರೆ ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಅಂಥ ತೊಟ್ಟಿಯನ್ನು ದಿನಾ ನೋಡಿಕೊಳ್ಳುವವರು ಬೇಕು. ಅವನು ಓದು ಮುಗಿಸಿ ಮನೆಯಲ್ಲಿ ನಿಂತ ಮೇಲೆ ಅದನ್ನು ಶುರುಮಾಡಲಿ. ದೀಪ ಬದಲಿಸಿದರೆ ಆ 36 ವ್ಯಾಟ್ ದೀಪವನ್ನು ಅಲ್ಲಿಯವರೆಗೆ ಒರೆಸಿ ಎತ್ತಿಡಿ.