ಮೈಬಣ್ಣಕ್ಕೆ ಒಪ್ಪುವ ಫೌಂಡೇಶನ್

ಮದುಮಗಳ ಮುಖ ಒಂದು ಬಣ್ಣ, ಕುತ್ತಿಗೆ ಇನ್ನೊಂದು ಬಣ್ಣ. ಇಂಥ ಮದುವೆ ಫೋಟೊ ನೋಡದವರು ಕಡಿಮೆ. ಮೇಕಪ್ ಅತಿಯಾಯಿತೆಂದು ಹಿರಿಯರು ದೂರುತ್ತಾರೆ. ಎಷ್ಟೋ ಮುಖಗಳಿಗೆ ಬಣ್ಣ ಹಚ್ಚಿದ ಮೇಲೆ ನಾನು ಕಂಡುಕೊಂಡದ್ದು ಬೇರೆ: ಬಹುಪಾಲು ಸಂದರ್ಭಗಳಲ್ಲಿ ಕೆಡಿಸುವುದು ಪ್ರಮಾಣವಲ್ಲ, ಫೌಂಡೇಶನ್‌ನ ಶೇಡ್. ಸ್ವಲ್ಪ ಬೆಳ್ಳಗೆ ಕಾಣಲಿ ಎಂಬ ಆಸೆಗೆ ಇರುವ ಬಣ್ಣಕ್ಕಿಂತ ತಿಳಿಯಾದದ್ದನ್ನು ಆರಿಸುತ್ತಾರೆ.

ಫೌಂಡೇಶನ್‌ಗೆ ಬಣ್ಣ ಬರುವುದು ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್‌ಗಳಿಂದ ಮತ್ತು ಬಿಳಿಯ ಟೈಟಾನಿಯಂ ಡೈಆಕ್ಸೈಡ್‌ನಿಂದ. ತಿಳಿ ಶೇಡ್‌ಗಳಲ್ಲಿ ಬಿಳಿಯ ಪಾಲು ಹೆಚ್ಚು. ಅದು ಎಣ್ಣೆಗಪ್ಪು ಚರ್ಮದ ಮೇಲೆ ಕೂತರೆ ಬೂದಿ ಬಳಿದಂತೆ ಕಾಣುತ್ತದೆ. ಕ್ಯಾಮೆರಾದ ಫ್ಲ್ಯಾಶ್ ಬಿದ್ದರಂತೂ ಮುಖವಷ್ಟೇ ಬಿಳಿಚುತ್ತದೆ.

ತಪ್ಪು ಕೊಳ್ಳುವವರದ್ದೇ ಎನ್ನಲಾಗದು. ಸಿನಿಮಾಕ್ಕೆಂದು ರೂಪುಗೊಂಡ ಮ್ಯಾಕ್ಸ್ ಫ್ಯಾಕ್ಟರ್ ಕಂಪನಿಯ ಪ್ಯಾನ್-ಕೇಕ್ ಮೇಕಪ್ 1938ರಲ್ಲೇ ಜನಸಾಮಾನ್ಯರ ಕೈಗೆ ಬಂದರೂ ಕಪ್ಪು, ಕಂದು ಮೈಬಣ್ಣಗಳನ್ನು ಉದ್ಯಮ ಬಹುಕಾಲ ಕಡೆಗಣಿಸಿತು. 2017ರಲ್ಲಿ ಗಾಯಕಿ ರಿಹಾನಾರ ಫೆಂಟಿ ಬ್ಯೂಟಿ ಒಮ್ಮೆಗೇ 40 ಶೇಡ್ ತಂದ ಮೇಲೆ ಉಳಿದ ಕಂಪನಿಗಳೂ ಸಾಲು ಹಿಗ್ಗಿಸಿದವು. ನಮ್ಮೂರ ಫ್ಯಾನ್ಸಿ ಸ್ಟೋರುಗಳಲ್ಲಿ ಒಂದು ಕಾಲಕ್ಕೆ ಗೋಧಿ ಬಣ್ಣಕ್ಕಿಂತ ಗಾಢವಾದ ಬಾಟಲಿಯೇ ಇರುತ್ತಿರಲಿಲ್ಲ. ಈಗ ಇದೆ, ಕೇಳಿ ತೆಗೆಸಬೇಕು.

ಶೇಡ್ ಆರಿಸುವಾಗ ಅಂಗೈ ಹಿಂಬದಿಗೋ ಮಣಿಕಟ್ಟಿಗೋ ಹಚ್ಚಿ ನೋಡುವುದರಿಂದ ಪ್ರಯೋಜನವಿಲ್ಲ. ಅಲ್ಲಿನ ಬಣ್ಣವೇ ಬೇರೆ. ದವಡೆಯಂಚಿನಿಂದ ಕುತ್ತಿಗೆಯತ್ತ ಎರಡು ಮೂರು ಶೇಡ್‌ಗಳ ಗೆರೆ ಎಳೆದು, ಅಂಗಡಿಯ ದೀಪ ಬಿಟ್ಟು ಹೊರಗಿನ ಬೆಳಕಿಗೆ ಬನ್ನಿ. ಕರಗಿಹೋದ ಗೆರೆಯೇ ನಿಮ್ಮದು. ಗಾಢತೆ ಸರಿಯಿದ್ದೂ ಮುಖ ಗುಲಾಬಿಯಾಗಿಯೋ ಕಿತ್ತಳೆಯಾಗಿಯೋ ಕಂಡರೆ ಅಂಡರ್‌ಟೋನ್, ಅಂದರೆ ಮೈಬಣ್ಣದ ಒಳಛಾಯೆ, ತಪ್ಪಿದೆ ಎಂದರ್ಥ. ನಮ್ಮಲ್ಲಿ ಅನೇಕರಿಗೆ ಹಳದಿ ಅಥವಾ ಆಲಿವ್ ಛಾಯೆ ಹೊಂದುತ್ತದೆ. ತಕ್ಷಣ ಕೊಳ್ಳಬೇಡಿ. ಕೆಲವು ಫೌಂಡೇಶನ್‌ಗಳು ಸ್ವಲ್ಪ ಹೊತ್ತಿನಲ್ಲೇ ಗಾಢವಾಗುತ್ತವೆ.

ಇನ್ನು ಹಚ್ಚುವ ವಿಷಯ. ನಮ್ಮ ಮುಖ ಒಂದೇ ಬಣ್ಣದ್ದಲ್ಲ: ಬಾಯಿಯ ಸುತ್ತ, ಕಣ್ಣಡಿ, ಹಣೆಯಂಚು ಕೆನ್ನೆಗಿಂತ ಕಪ್ಪಗಿರುವುದು ಸಾಮಾನ್ಯ. ಅದನ್ನು ಮುಚ್ಚಲು ಫೌಂಡೇಶನನ್ನೇ ಪದರ ಪದರವಾಗಿ ಬಳಿದರೆ ಮುಖವಾಡವಾಗುತ್ತದೆ. ಅಲ್ಲಿಗಷ್ಟೇ ಕಪ್ಪು ಮರೆಸುವ ಕಿತ್ತಳೆ ಕರೆಕ್ಟರ್ ತೆಳ್ಳಗೆ ಒತ್ತಿ, ಮೇಲೆ ಫೌಂಡೇಶನ್ ಆದಷ್ಟು ಕಡಿಮೆ ಹಚ್ಚಿ. ಮೂಗಿನ ಅಕ್ಕಪಕ್ಕದಿಂದ ಶುರುಮಾಡಿ, ನೆನೆಸಿ ಹಿಂಡಿದ ಸ್ಪಂಜಿನಲ್ಲಿ ಉಜ್ಜದೆ ತಟ್ಟುತ್ತಾ ಅಂಚಿಗೆ ಬರುವಷ್ಟರಲ್ಲಿ ಬಣ್ಣ ಮುಗಿದಿರಬೇಕು. ಕೆನ್ನೆಯಲ್ಲಿ ಚರ್ಮ ಕಾಣಲಿ ಬಿಡಿ, ಮಚ್ಚೆಯೂ ಕಾಣಲಿ. ಮಂಗಳೂರಿನ ಸೆಕೆಗೆ ಮೂಗು, ಹಣೆಯ ಮೇಲೆ ಪೌಡರ್ ಬೇಕು. ಚಳಿಗಾಲದ ಒಣಹವೆಗೆ ಮೊದಲು ಮಾಯಿಶ್ಚರೈಸರ್ ಹಚ್ಚಿ ಅದು ಇಂಗುವವರೆಗೆ ಕಾಯಬೇಕು.

ಬಿಸಿಲಿನಿಂದ ರಕ್ಷಣೆಯ ಅಳತೆಯಾದ ಎಸ್‌ಪಿಎಫ್ ನಮೂದಿಸಿರುವ ಫೌಂಡೇಶನ್ ಸನ್‌ಸ್ಕ್ರೀನಿಗೆ ಬದಲಿಯಲ್ಲ. ಎಸ್‌ಪಿಎಫ್ ಸಂಖ್ಯೆಯನ್ನು ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ; ಅಷ್ಟು ದಪ್ಪ ಮೇಕಪ್ ಯಾರೂ ಹಚ್ಚುವುದಿಲ್ಲ.

ಮದುವೆ ನಿಶ್ಚಯವಾದ ಹೆಣ್ಣುಮಕ್ಕಳೇ, ಪಾರ್ಲರಿನವರಿಂದ ಮೊದಲೇ ಒಂದು ಟ್ರಯಲ್ ಮಾಡಿಸಿಕೊಳ್ಳಿ. ಹಗಲು ಹೊತ್ತಿನಲ್ಲಿ, ಮದುವೆಯ ರವಿಕೆಯಷ್ಟೇ ಕೊರಳು ತೆರೆದ ಬಟ್ಟೆ ತೊಟ್ಟು ಕೂತು, ಫ್ಲ್ಯಾಶ್ ಹಾಕಿ ಫೋಟೊ ತೆಗೆಸಿ. ಮುಖ ಕೊರಳಿಗಿಂತ ಬೆಳ್ಳಗಿದ್ದರೆ ಶೇಡ್ ಬದಲಿಸಲು ಸಂಕೋಚವಿಲ್ಲದೆ ಹೇಳಿ.