ಉಪದೇಶದ ತರಗತಿ ವಹಿಸಿಕೊಂಡ ಮಗಳಿಗೆ

ಮಗಳೇ, ಈ ವರ್ಷದಿಂದ ಭಾನುವಾರದ ಉಪದೇಶದ ತರಗತಿ ನಿನ್ನದು ಅಂತ ಪೂಜೆ ಮುಗಿದ ಮೇಲೆ ಫಾದರ್ ಹೇಳಿದಾಗ ನನಗೆ ನೆಮ್ಮದಿಯಾಯಿತು. ಪುಸ್ತಕ ನಿನ್ನ ಕೈ ಸೇರಿದೆ, ಪಾಠಗಳ ಪಟ್ಟಿಯೂ ಸಿಕ್ಕಿದೆ. ಅವುಗಳಲ್ಲಿ ಇಲ್ಲದ ಕೆಲವು ಮಾತು ನನ್ನಿಂದ ಕೇಳಿಸಿಕೋ.

ಮಾರ್ಟಳ್ಳಿಯಲ್ಲಿ ಉಪದೇಶ ಹೇಳುವುದು ಬೇರೆ, ಸಂತೆಮರಹಳ್ಳಿಯಲ್ಲಿ ಹೇಳುವುದು ಬೇರೆ. ಅಲ್ಲಿ ಬೀದಿಗೆ ಬೀದಿಯೇ ನಮ್ಮವರು, ಮಕ್ಕಳು ಆಡ್ತಾ ಆಡ್ತಾನೇ ಜಪಸರ ಕಲಿತುಬಿಡುತ್ತವೆ. ಇಲ್ಲಿ ನಮ್ಮ ಮನೆಗಳು ಬೆರಳೆಣಿಕೆ. ನಿನ್ನ ಹತ್ತಿರ ಬರುವ ಹುಡುಗ ಅವನ ಶಾಲೆಯ ತರಗತಿಯಲ್ಲಿ ಬಹುಶಃ ಒಬ್ಬನೇ ಕ್ರೈಸ್ತ. ಪ್ರಥಮ ಪರಮಪ್ರಸಾದದ ಮಾರನೇ ದಿನ ಪಕ್ಕ ಕೂತವನು "ನೆನ್ನೆ ಚರ್ಚಲ್ಲಿ ಏನ್ ಕೊಟ್ರೋ?" ಅಂತ ಕೇಳೇ ಕೇಳುತ್ತಾನೆ. ನಾಚಿಕೊಳ್ಳದೆ, ಅವರ ದೇವರನ್ನು ಹಳಿಯದೆ, ತನ್ನ ಮಾತಿನಲ್ಲಿ ಅವನಿಗೆ ಉತ್ತರ ಹೇಳುವಷ್ಟು ಮಗುವನ್ನು ತಯಾರು ಮಾಡು. ಪ್ರಶ್ನೋತ್ತರವನ್ನೆಲ್ಲ ಗಿಣಿಪಾಠ ಒಪ್ಪಿಸುವ ಮಗುವಿಗಿಂತ ಈ ಮಗು ನನಗೆ ಹೆಚ್ಚು.

ಬಾಯಿಪಾಠವೇ ಬೇಡವೆನ್ನುತ್ತಿಲ್ಲ. ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯ, ವಿಶ್ವಾಸ ಪ್ರಮಾಣ ಬರಲೇಬೇಕು. ಆದರೆ ಪರೀಕ್ಷೆ ಮಾಡಿ, ಮಾರ್ಕ್ಸ್ ಹಾಕಿ, ಕಡಿಮೆ ಬಂದವರನ್ನು ಹಿಂದಕ್ಕೆ ಹಾಕುವುದು ಬೇಡ. ಹಿಂದೆ ಮಕ್ಕಳು ಹತ್ತು ಹನ್ನೆರಡು ವರ್ಷ ದಾಟುವವರೆಗೂ ಪರಮಪ್ರಸಾದಕ್ಕೆ ಕಾಯಬೇಕಿತ್ತು. 1910ರಲ್ಲಿ ಪೋಪ್ ಹತ್ತನೇ ಪಿಯುಸ್ ಆ ಕಾಯುವಿಕೆಯನ್ನು ತಪ್ಪಿಸಿದರು. ಸುಮಾರು ಏಳು ವರ್ಷಕ್ಕೆ ಮಗುವಿಗೆ ತಿಳಿವಳಿಕೆ ಬರುತ್ತದೆ, ಪೂರ್ತಿ ಪಾಂಡಿತ್ಯ ಬೇಕಿಲ್ಲ, ಈ ರೊಟ್ಟಿ ದಿನದ ರೊಟ್ಟಿಯಲ್ಲ ಎಂದು ಗುರುತಿಸಿ ಭಕ್ತಿಯಿಂದ ಸ್ವೀಕರಿಸಿದರೆ ಸಾಕು ಅಂದರು.

ಹಾಗಂತ ಮೂರನೇ ಕ್ಲಾಸು ಮುಗಿಸಿದವರನ್ನೆಲ್ಲ ಒಟ್ಟಿಗೆ ಸಾಲು ನಿಲ್ಲಿಸಲೂಬೇಡ. ನಿಮ್ಮ ಮನೆಯಲ್ಲೂ ರೇಷ್ಮೆ ಸಾಕುತ್ತೀರಿ, ನಿನಗೇ ಗೊತ್ತಿದೆ. ನಾಲ್ಕು ಜ್ವರ ಎದ್ದ ಹುಳುಗಳೆಲ್ಲ ಒಂದೇ ಗಳಿಗೆಯಲ್ಲಿ ಹಣ್ಣಾಗುವುದಿಲ್ಲ. ಸೊಪ್ಪು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸುವ ಹುಳುವನ್ನು ಮಾತ್ರ ನಿಮ್ಮವ್ವ ಆಯ್ದು ಚಂದ್ರಿಕೆಗೆ ಬಿಡುತ್ತಾಳೆ, ಉಳಿದವಕ್ಕೆ ಇನ್ನೊಂದು ಹೊತ್ತು ಸೊಪ್ಪು ಹಾಕುತ್ತಾಳೆ. ಮಕ್ಕಳನ್ನೂ ಹಾಗೇ ಒಬ್ಬೊಬ್ಬರನ್ನಾಗಿ ನೋಡು. ಯಾರನ್ನಾದರೂ ಮುಂದಿನ ವರ್ಷಕ್ಕೆ ಉಳಿಸಬೇಕಾಗಿ ಬಂದರೆ ಅವರ ಮನೆಗೆ ಹೋಗಿ, ಕೂತು, ಮೆಲ್ಲಗೆ ಹೇಳು. ಚರ್ಚ್ ಬಾಗಿಲಲ್ಲಿ ನಾಲ್ಕು ಜನರೆದುರು ಹೇಳಬೇಡ ಕಣವ್ವ.

ಪಾಪನಿವೇದನೆಯ ಪಾಠಕ್ಕೆ ಅವಸರ ಮಾಡಬೇಡ. ನಿಜವಾದ ಕೆಲಸ ಇರುವುದು ಅಲ್ಲೇ. ಪಾಪಗಳನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ ಅಂದರೆ ಮಕ್ಕಳು ಹೋಂವರ್ಕ್ ಥರ ಪಕ್ಕದವರದ್ದನ್ನು ನೋಡಿ ಬರೆಯುತ್ತವೆ. ಸಾಲಾಗಿ ಎಲ್ಲರದ್ದೂ ಒಂದೇ: ಸುಳ್ಳು ಹೇಳಿದೆ, ತಮ್ಮನಿಗೆ ಹೊಡೆದೆ, ಅವ್ವನ ಮಾತು ಕೇಳಲಿಲ್ಲ. ತಮ್ಮನೇ ಇಲ್ಲದ ಹುಡುಗಿಯ ಚೀಟಿಯಲ್ಲೂ ತಮ್ಮನಿಗೆ ಹೊಡೆದ ಪಾಪ ಇರುತ್ತದೆ. ಚೀಟಿ ಬೇಡ. ಯಾರನ್ನು ನೋಯಿಸಿದ್ದೀಯ, ಅವರ ಮುಖ ಹೇಗಾಯಿತು ಅಂತ ಕೇಳಿ ಸುಮ್ಮನಾಗು, ಉತ್ತರ ನಿನಗೆ ಹೇಳಬೇಕಾಗಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಅಪ್ಪನಿಗಾಗಲಿ, ಮೇಷ್ಟ್ರಿಗಾಗಲಿ, ಪೊಲೀಸರಿಗಾಗಲಿ ಹೇಳುವಂತಿಲ್ಲ ಅನ್ನುವುದನ್ನು ಮರೆಯದೆ ತಿಳಿಸು. ಹೆದರಿದ ಮಗುವಿಗೆ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ.

ಹಾಗೇ ಸಿಸ್ಟರ್ ಹತ್ತಿರ ಪೂಜೆಯಲ್ಲಿ ಅರ್ಪಿಸದ ರೊಟ್ಟಿ ಕೇಳಿ ತಂದು, ಮಕ್ಕಳು ಮೊದಲೇ ಬಾಯಲ್ಲಿಟ್ಟು ನೋಡಲಿ ಬಿಡು. ಗೋಧಿಹಿಟ್ಟು, ನೀರು ಅಷ್ಟೇ. ಉಪ್ಪಿಲ್ಲ, ಸಿಹಿಯಿಲ್ಲ, ಅಂಗುಳಿಗೆ ಅಂಟಿಕೊಳ್ಳುತ್ತದೆ. ಮುಖ ಹಿಂಡುವುದೆಲ್ಲ ಅವತ್ತೇ ಮುಗಿದುಹೋದರೆ ಪೀಠದೆದುರು ಮನಸ್ಸು ರುಚಿಯ ಮೇಲೆ ಹೋಗುವುದಿಲ್ಲ.

ಪ್ರಾರ್ಥನೆಯನ್ನು ಮನೆಯ ಅಜ್ಜಿ ಹೇಳುವ ಭಾಷೆಯಲ್ಲೇ ಕಲಿಸು. ಕೆಲವರ ಮನೆಯಲ್ಲಿ ತಮಿಳು, ಗುಂಡ್ಲುಪೇಟೆ ಕಡೆ ಕೆಲವರಲ್ಲಿ ಮಲಯಾಳ, ಮಿಕ್ಕವರಲ್ಲಿ ಕನ್ನಡ. ಇಂಗ್ಲಿಷ್ ಮೀಡಿಯಂ ಮಗು ಇಂಗ್ಲಿಷಿನಲ್ಲಿ ಮಾತ್ರ ಕಲಿತರೆ ರಾತ್ರಿ ಅಜ್ಜಿಯ ಜೊತೆ ಮೊಣಕಾಲೂರಿದಾಗ ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ಹದಿನೇಳನೇ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದರು. ದೂರದೇಶದವರೇ ಅಷ್ಟು ಕಷ್ಟಪಟ್ಟಿರುವಾಗ ನಾವು ನಮ್ಮ ಮಕ್ಕಳ ಬಾಯಿಂದ ಮನೆಮಾತನ್ನು ಕಿತ್ತುಕೊಳ್ಳಬಾರದು.

ಪ್ರಥಮ ಪರಮಪ್ರಸಾದದ ಬಟ್ಟೆಯ ವಿಷಯ ಜನವರಿಯಲ್ಲೇ ತೀರ್ಮಾನ ಮಾಡಿಸು. ಎಲ್ಲರಿಗೂ ಒಂದೇ ಥರದ ಸಾದಾ ಬಿಳಿ. ಕಲ್ಲು ಕ್ವಾರಿಯ ಕೂಲಿಯವರು ಮೈಸೂರಿನಿಂದ ಗೌನು ತರಲು ಸಾಲ ಮಾಡುವಂತಾಗಬಾರದು.

ಜ್ಞಾನಸ್ನಾನಕ್ಕೆ ತಯಾರಾಗಬೇಕಾದವರು ಕೂಸಲ್ಲ, ಹೆತ್ತವರು. ಜ್ಞಾನ ತಂದೆ, ಜ್ಞಾನ ತಾಯಿ ಅಂತ ಬೆಂಗಳೂರಿನ ಅನುಕೂಲಸ್ಥ ನೆಂಟರನ್ನು ಕರೆಸುತ್ತಾರೆ, ಫೋಟೋ ಆದ ಮೇಲೆ ಅವರ ಸುಳಿವಿರುವುದಿಲ್ಲ. ಅವರಿಗೆ ಹದಿನಾರು ತುಂಬಿರಬೇಕು, ಅವರೂ ದೃಢೀಕರಣ ಪಡೆದಿರಬೇಕು ಅನ್ನುವುದು ಧರ್ಮಸಭೆಯ ನಿಯಮ. ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೊಳಗೆ ಇರಬೇಕು ಅನ್ನುವುದು ನನ್ನದು. ಏಳು ದಾಟಿದ ಮೇಲೆ ಜ್ಞಾನಸ್ನಾನಕ್ಕೆ ಬರುವ ಮಕ್ಕಳ ದಾರಿ ಬೇರೆ. ಸಾಮಾನ್ಯವಾಗಿ ಪಾಸ್ಕ ಜಾಗರಣೆಯ ರಾತ್ರಿ ಅವರಿಗೆ ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ ಮೂರು ಸಂಸ್ಕಾರಗಳೂ ಒಟ್ಟಿಗೆ ಸಿಗುತ್ತವೆ. ಆದಿಸಭೆಯ ಪದ್ಧತಿಯೂ ಅದೇ.

ಹೈಸ್ಕೂಲ್ ಮಕ್ಕಳು ದೃಢೀಕರಣವನ್ನು ಉಪದೇಶದಿಂದ ಬಿಡುಗಡೆ ಅಂದುಕೊಳ್ಳುತ್ತಾರೆ, ನನಗೆ ಅದೇ ದೊಡ್ಡ ನೋವು. ಕೂಸಾಗಿದ್ದಾಗ ನೆತ್ತಿಗೆ ಹಚ್ಚಿದ ಪರಿಮಳದ ಕ್ರಿಸ್ಮ ತೈಲವನ್ನೇ ಬಿಷಪರು ಈಗ ಹಣೆಗೆ ಹಚ್ಚುತ್ತಾರೆ ಅಂತ ಹೇಳು. ಹಚ್ಚಿಸಿಕೊಂಡವರಿಗೆ ಮುಂದಿನ ಭಾನುವಾರವೇ ಕೆಲಸ ಕೊಡು: ವಾಚನ ಓದುವುದು, ಗಾಯನ, ನಿನ್ನ ಚಿಕ್ಕ ಮಕ್ಕಳಿಗೆ ಜಪಸರ ಹೇಳಿಕೊಡುವುದು.

ಕೊನೆಗೆ ಕಾಗದಪತ್ರ. ಮಗುವಿಗೆ ಎಲ್ಲಿ ಜ್ಞಾನಸ್ನಾನವಾಯಿತೋ ಆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲೇ ದೃಢೀಕರಣವನ್ನೂ ಮುಂದೆ ಮದುವೆಯನ್ನೂ ಬರೆಸಬೇಕು. ನಿನ್ನ ತರಗತಿಯ ಮಕ್ಕಳಲ್ಲಿ ಕೆಲವರ ಜ್ಞಾನಸ್ನಾನ ತಾಯಿಯ ತವರಲ್ಲಿ ಆಗಿದೆ. ಪ್ರಮಾಣಪತ್ರ ಬರುವುದಕ್ಕೆ ದಿನ ಹಿಡಿಯುತ್ತದೆ, ಫಾದರ್ ಹತ್ತಿರ ಕೇಳಿ ಈ ವಾರವೇ ಪತ್ರ ಬರೆಸು.