ಸೈಕಲ್ ಸಾಲಿನಲ್ಲಿ ಹಿಂದಿನವನ ಹಕ್ಕು

ಬೆಳಗಿನ ಮದ್ರಸ ಮುಗಿಸಿ ಶಾಲೆಗೆ ಹೊರಡುವ ಮಕ್ಕಳನ್ನು ನೀವು ನೋಡಿರಬಹುದು. ನಾಲ್ಕೈದು ಸೈಕಲ್‌ಗಳು ರಸ್ತೆಯ ಅರ್ಧ ಭಾಗವನ್ನು ಆವರಿಸಿಕೊಂಡು ಅಕ್ಕಪಕ್ಕದಲ್ಲಿ ಸಾಗುತ್ತವೆ. ಮಾತು, ನಗು, ಪಂದ್ಯ. ಹಿಂದಿನಿಂದ ಬಸ್ಸಿನ ಹಾರ್ನ್ ಕೇಳಿದೊಡನೆ ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ. ಅಪಾಯ ಹುಟ್ಟುವುದು ಆ ಗಲಿಬಿಲಿಯಲ್ಲೇ.

ನಾನೂ ಹಾಗೆ ಸವಾರಿ ಮಾಡಿದವನೇ. ವಿದ್ಯಾರ್ಥಿಯಾಗಿದ್ದಾಗ ಒಂದು ಮಳೆಗಾಲದ ಸಂಜೆ ನಾವು ಐವರು ಗೆಳೆಯರು ಮನೆಗೆ ಮರಳುತ್ತಿದ್ದೆವು. ಮುಂದಿದ್ದವನು ನಾನು. ನೀರು ತುಂಬಿದ ಹೊಂಡ ಕಂಡು, ಯಾರಿಗೂ ಹೇಳದೆ ಬ್ರೇಕ್ ಹಿಡಿದು ಬಲಕ್ಕೆ ತಿರುಗಿಸಿದೆ. ಹಿಂದೆಯೇ ಬರುತ್ತಿದ್ದ ಗೆಳೆಯನ ಮುಂದಿನ ಚಕ್ರ ನನ್ನ ಹಿಂದಿನ ಚಕ್ರಕ್ಕೆ ತಾಗಿತು. ನಾನು ಬೀಳಲಿಲ್ಲ, ಅವನು ಬಿದ್ದು ಕೈ ಮುರಿದುಕೊಂಡ. “ಹಿಂದೆ ಬರುವವನು ನೋಡಿಕೊಂಡು ಬರಬೇಕಲ್ಲ?” ಎಂದು ಮನೆಯಲ್ಲಿ ವಾದಿಸಿದೆ. ತಂದೆಯವರು ಕೇಳಿದ್ದು ಒಂದೇ ಪ್ರಶ್ನೆ: “ಹೊಂಡ ಕಂಡದ್ದು ಯಾರಿಗೆ?”

ಪ್ರಿಯ ಓದುಗರೇ, ಪಾಠವಿರುವುದು ಆ ಪ್ರಶ್ನೆಯಲ್ಲೇ. ಸಾಲಿನಲ್ಲಿ ಹಿಂದಿರುವವನಿಗೆ ರಸ್ತೆ ಕಾಣುವುದಿಲ್ಲ, ಮುಂದಿನವನ ಬೆನ್ನು ಕಾಣುತ್ತದೆ. ಆದ್ದರಿಂದ ಮುಂದಿನವನ ಕಣ್ಣು ಹಿಂದಿನವನ ಅಮಾನತ್. ದಾರಿಗೂ ಹಕ್ಕುಗಳಿವೆ, ಇತರರಿಗೆ ಉಪದ್ರವವಾಗದಂತೆ ನಡೆದುಕೊಳ್ಳುವುದು ಅವುಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಪ್ರಯಾಣದಲ್ಲಿ ಮೂವರಿದ್ದರೆ ಒಬ್ಬನನ್ನು ನಾಯಕನನ್ನಾಗಿ ಮಾಡಿಕೊಳ್ಳಲು ಹೇಳಿದ್ದಾರೆ. ಸ್ವತಃ ಅವರು ಪ್ರಯಾಣದಲ್ಲಿ ಹಿಂದೆ ಉಳಿದು, ಬಲಹೀನರನ್ನು ಮುಂದೆ ಸಾಗಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ಸೈಕಲ್ ಸವಾರರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಸಾಲಿನ ಶಿಸ್ತು

ರಸ್ತೆಯ ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಸಾಗಿರಿ. ಅನುಭವಿಯೊಬ್ಬ ಮುಂದಿರಲಿ, ಇನ್ನೊಬ್ಬ ಕೊನೆಯಲ್ಲಿರಲಿ, ಚಿಕ್ಕವರು ನಡುವೆ ಇರಲಿ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವನ ವೇಗವೇ ಗುಂಪಿನ ವೇಗ.

ಇಬ್ಬರ ನಡುವೆ ಕನಿಷ್ಠ ಎರಡು ಸೈಕಲ್‌ಗಳಷ್ಟು ಅಂತರವಿರಲಿ. ಮುಂದಿನವನ ಹಿಂಚಕ್ರದ ಪಕ್ಕಕ್ಕೆ ನಿಮ್ಮ ಮುಂಚಕ್ರ ಎಂದೂ ಬರಬಾರದು. ಸೈಕಲ್‌ನ ಸಮತೋಲನವಿರುವುದು ಮುಂದಿನ ಚಕ್ರದಲ್ಲಿ. ಅದು ತಾಗಿ ಸಿಕ್ಕಿಕೊಂಡರೆ ಬೀಳುವವನು ಬಹುತೇಕ ಹಿಂದಿನವನೇ.

ಹೊಂಡ, ಜಲ್ಲಿ, ನಾಯಿ, ಯಾವುದೇ ಕಂಡರೂ ಮುಂದಿನವನು ಕೂಗಿ ಹೇಳಬೇಕು. ಕೇಳಿದವನು ತನ್ನ ಹಿಂದಿನವನಿಗೆ ದಾಟಿಸಬೇಕು. ತಿರುಗುವ ಮೊದಲು ಹಿಂದಿರುಗಿ ನೋಡಿ ಕೈ ತೋರಿಸಿರಿ. ಆದರೆ ರಸ್ತೆ ದಾಟುವಾಗ “ಬನ್ನಿ, ಖಾಲಿ ಇದೆ” ಎಂದು ಕರೆಯಬೇಡಿರಿ. ನಿಮಗೆ ಖಾಲಿಯಿದ್ದ ರಸ್ತೆ ಐದನೆಯವನು ಬರುವಷ್ಟರಲ್ಲಿ ಖಾಲಿಯಿರಲಾರದು. ದಾಟುವಾಗ ಪ್ರತಿಯೊಬ್ಬನೂ ತಾನೇ ಎರಡೂ ಕಡೆ ನೋಡಬೇಕು.

ನಿಂತಿರುವ ಲಾರಿ, ಬಸ್ಸಿನ ಎಡಪಕ್ಕದಿಂದ ನುಸುಳಬೇಡಿರಿ. ಕ್ಯಾಬಿನ್‌ಗೆ ಹತ್ತಿರವಿರುವ ಆ ಜಾಗ ಚಾಲಕನಿಗೆ ಸರಿಯಾಗಿ ಕಾಣದು. ಅವನು ಎಡಕ್ಕೆ ತಿರುಗಿದರೆ ನಿಮಗೆ ದಾರಿಯಿಲ್ಲ. ಮಾತನಾಡಲು ನಿಲ್ಲುವುದಾದರೆ ಎಲ್ಲರೂ ಡಾಮರು ಬಿಟ್ಟು ಪೂರ್ತಿ ಕೆಳಗಿಳಿಯಿರಿ. ನಡೆದು ಹೋಗುವ ವೃದ್ಧರ ಹಿಂದೆ ಬಂದು ಒಮ್ಮೆಲೇ ಬೆಲ್ ಬಾರಿಸಿ ಬೆಚ್ಚಿಬೀಳಿಸುವುದು ಸಭ್ಯತೆಯಲ್ಲ. ದೂರದಿಂದಲೇ ಬಾರಿಸಿ, ನಿಧಾನವಾಗಿ ದಾಟಿರಿ.

ಮಳೆಗಾಲದಲ್ಲಿ

ಚಕ್ರದ ರಿಮ್ಮನ್ನು ಹಿಡಿಯುವ ಬ್ರೇಕ್ ಒದ್ದೆಯಾದಾಗ ತಡವಾಗಿ ಹಿಡಿಯುತ್ತದೆ. ಅಂತರವನ್ನು ಇಮ್ಮಡಿಗೊಳಿಸಿರಿ, ಬ್ರೇಕನ್ನು ಮೊದಲೇ ಮೆಲ್ಲನೆ ಒತ್ತಿ ರಿಮ್ಮಿನ ನೀರನ್ನು ತೆಗೆಯಿರಿ. ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡುವ ನಮ್ಮ ಕರಾವಳಿಯ ಅಭ್ಯಾಸವಂತೂ ಬೇಡವೇ ಬೇಡ. ಗಾಳಿ ಕೊಡೆಯನ್ನು ಎಳೆದರೆ ಸೈಕಲೂ ಅದರೊಂದಿಗೆ ಹೋಗುತ್ತದೆ. ಮಳೆಯಂಗಿ ಧರಿಸಿರಿ. ದುಪಟ್ಟಾ, ಬುರ್ಖಾದ ಅಂಚು ಚೈನಿಗೆ, ಕಡ್ಡಿಗಳಿಗೆ ಸಿಲುಕದಂತೆ ಬಿಗಿದುಕೊಳ್ಳಿರಿ.

ಹಿರಿಯರೇ,

ರಾಜ್ಯ ಸರಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿದ ಬಳಿಕ ಎಷ್ಟೋ ಬಡ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಸೈಕಲ್ ಏರಿ ಶಾಲೆಗೆ ಹೋದರು. ಸೈಕಲ್ ಕೊಟ್ಟರೆ ಸಾಲದು, ಸವಾರಿಯ ಸಭ್ಯತೆಯನ್ನೂ ಕಲಿಸಬೇಕು. ಇಂದು ಸಂಜೆ ನಿಮ್ಮ ಮಗುವಿನ ಸೈಕಲ್‌ನ ಎರಡೂ ಬ್ರೇಕ್ ಒತ್ತಿ ನೋಡಿರಿ, ಟೈರಿನ ಗಾಳಿ ನೋಡಿರಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ ನೋಡಿರಿ. ಸಾಧ್ಯವಾದರೆ ಹೆಲ್ಮೆಟ್ ಕೊಡಿಸಿರಿ.

ಮಗು ಮನೆಗೆ ಬಂದಾಗ “ಬೇಗ ಬಂದೆಯಾ?” ಎಂದು ಕೇಳುವ ಬದಲು, “ನಿನ್ನ ಹಿಂದಿದ್ದವರೆಲ್ಲ ಕ್ಷೇಮವಾಗಿ ತಲುಪಿದರೇ?” ಎಂದು ಕೇಳಿರಿ. ಆ ಪ್ರಶ್ನೆಯನ್ನು ದಿನವೂ ಕೇಳಿಸಿಕೊಳ್ಳುವ ಮಗು, ರಸ್ತೆಯಲ್ಲಿ ಮಾತ್ರವಲ್ಲ, ಬದುಕಿನಲ್ಲೂ ಹಿಂದಿನವರನ್ನು ಮರೆಯಲಾರದು.